ಉಣಗೋಲಿನ ಈಚೆ

ಆ ವರ್ಷ ಸುಗ್ಗಿಯ ಹೊತ್ತಿಗೆ ಟೊಲೊ ಮನೆತನದ ಹಟ್ಟಿಯಲ್ಲಿ ಉಳಿದಿದ್ದವರು ಇಬ್ಬರೇ. ಏಳಲಾರದ ಸೊಲೊಂಜಿ, ಕೂರಲು ಪುರುಸೊತ್ತಿಲ್ಲದ ಅವನ ಹೆಂಡತಿ ನೊತೊಬಿಲೆ. ಹೆಣ್ಣುಮಕ್ಕಳಿಬ್ಬರೂ ಹೊಳೆಯಾಚೆಗೆ ಮದುವೆಯಾಗಿ ಹೋಗಿ ಅವರವರ ಅತ್ತೆಯರ ಜೋಳದ ಕೆಲಸದಲ್ಲಿ ಮುಳುಗಿದ್ದರು. ಗಂಡುಮಕ್ಕಳು ಆಗಿರಲಿಲ್ಲ.

ಕೊನೆಯ ಮಳೆ ಹೊಯ್ದ ವಾರ ಸೊಲೊಂಜಿ ದೊಡ್ಡಿಯೊಳಗೆ ಹಾಲು ಕರೆಯುತ್ತ ಕುಳಿತವನು ಹಾಗೇ ಬಲಕ್ಕೆ ವಾಲಿದ. ನೊತೊಬಿಲೆ ಮನೆಗಳ ಹಿಂದಿನಿಂದ ಸೌದೆ ಹೊತ್ತು ಬರುತ್ತಿದ್ದಳು. ಕಲ್ಲಿನ ಗೋಡೆಯ ಮೇಲಿಂದ ಅವನ ಟೋಪಿ ಮಾತ್ರ ಕಾಣುತ್ತಿತ್ತು. ಅದು ಮೆಲ್ಲಗೆ ಜಾರಿ ಗೋಡೆಯ ಕೆಳಗೆ ಹೋಯಿತು. ಅವಳು ಕೂಗಿದಳು. ಪಕ್ಕದ ಹಟ್ಟಿಯ ಡಾನಿಲೆ ತನ್ನ ಬೇಲಿಯ ಹತ್ತಿರವೇ ಇದ್ದದ್ದು ಪುಣ್ಯ. ಓಡಿಬಂದು ಅವನನ್ನು ಬೆನ್ನಮೇಲೆ ಹಾಕಿಕೊಂಡು ಹೊರಗೆ ತಂದ. ಅಷ್ಟು ಹೊತ್ತೂ ಅವಳು ದೊಡ್ಡಿಯ ಬಾಗಿಲಿಂದ ದೂರದಲ್ಲಿ, ಸೌದೆಯ ಹೊರೆಯನ್ನು ಇಳಿಸಲೂ ಮರೆತು ನಿಂತಿದ್ದಳು.

ಪಟ್ಟಣದ ಆಸ್ಪತ್ರೆಯವರು ಲಕ್ವ ಎಂದರು. ಬಲಗೈ, ಬಲಗಾಲು ಹೋದವು. ನಾಲಗೆ ದಪ್ಪವಾಯಿತು. ಬುದ್ಧಿಗೆ ಏನೂ ಆಗಿರಲಿಲ್ಲ, ಆದರೆ ಹೆಸರುಗಳು ಕೈಕೊಡುತ್ತಿದ್ದವು. ಚಮಚ ಬೇಕಾದಾಗ ಕೋಳಿ ಎನ್ನುತ್ತಿದ್ದ. ಹೆಂಡತಿ ನಕ್ಕರೆ ತಾನೂ ಅರ್ಧ ಬಾಯಿಯಲ್ಲಿ ನಗುತ್ತಿದ್ದ. ಎತ್ತಿನಗಾಡಿಯಲ್ಲಿ ಅವನನ್ನು ಮನೆಗೆ ತಂದು, ದೊಡ್ಡ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಚಾಪೆ ಹಾಸಿ ಮಲಗಿಸಿದರು. ಅಲ್ಲಿಂದ ಅಂಗಳವೂ ದೊಡ್ಡಿಯ ಬಾಗಿಲಿಗೆ ಅಡ್ಡ ಹಾಕಿದ ಉಣಗೋಲುಗಳೂ ಕಾಣುತ್ತಿದ್ದವು. ಅಷ್ಟಾದರೂ ಕಾಣಲಿ ಎಂದು ಅವಳೇ ಹಾಗೆ ಹಾಸಿದ್ದಳು.

ಹಟ್ಟಿ ಹಳೆಯದು. ಸೊಲೊಂಜಿಯ ಮುತ್ತಜ್ಜ ಬೂದುಬಣ್ಣದ ಕುದುರೆಯ ಮೇಲೆ ಈ ದಿಣ್ಣೆಗೆ ಬಂದು, ಮೊದಲು ದೊಡ್ಡಿ ಕಟ್ಟಿ ಆಮೇಲೆ ಮನೆ ಕಟ್ಟಿದನಂತೆ. ಆತನ ಸಮಾಧಿ ದೊಡ್ಡಿಯ ಬಾಗಿಲ ಪಕ್ಕದಲ್ಲೇ ಇದೆ, ಕಲ್ಲು ರಾಶಿ. ದೊಡ್ಡಿಗೆ ಮುಖಮಾಡಿ ಬಾಗಿದ ಸಾಲಿನಲ್ಲಿ ನಾಲ್ಕು ದುಂಡುಮನೆಗಳು, ಎಲ್ಲಕ್ಕೂ ಹುಲ್ಲಿನ ಹೊದಿಕೆ. ಮನೆಗಳಿಗೂ ದೊಡ್ಡಿಗೂ ನಡುವೆ ಅಂಗಳ. ಮದುವೆಯಾಗಿ ಬಂದ ಹೆಣ್ಣು ಆ ಅಂಗಳವನ್ನು ದಾಟುವ ಹಾಗಿಲ್ಲ, ದೊಡ್ಡಿಯೊಳಗೆ ಕಾಲಿಡುವ ಮಾತಂತೂ ಇಲ್ಲವೇ ಇಲ್ಲ. ಒಳಗೆ ದನಗಳಷ್ಟೇ ಇರುವುದಿಲ್ಲ, ಮನೆತನದ ಸತ್ತವರೂ ಇರುತ್ತಾರೆ, ಸೊಸೆ ಅವರಿಗೆ ಇನ್ನೂ ಪರಿಚಯವಿಲ್ಲದವಳು. ಮನೆಯ ಹೆಣ್ಣುಮಕ್ಕಳು ಹೋಗಬಹುದು, ಪಕ್ಕದ ಮನೆಯ ಗಂಡಸರು ಹೋಗಬಹುದು, ನಾಯಿ ಹೋಗಬಹುದು. ಸೊಸೆ ಮನೆಗಳ ಹಿಂದಿನಿಂದ ಸುತ್ತಿ ಹೋಗಬೇಕು. ನೊತೊಬಿಲೆ ಮೂವತ್ತು ವರ್ಷ ಹಾಗೆ ನಡೆದೂ ನಡೆದೂ ಹಿಂದಿನ ಆ ಕಾಲುದಾರಿ ಮಳೆಗಾಲದಲ್ಲಿ ನೀರು ಹರಿಯುವಷ್ಟು ಆಳವಾಗಿತ್ತು.

ಇದಕ್ಕೆ ಬಿಡುಗಡೆ ಇಲ್ಲದೇ ಇರಲಿಲ್ಲ. ಸೊಸೆಗೆ ಒಂದು ವಯಸ್ಸಾದ ಮೇಲೆ ಮನೆಯ ಯಜಮಾನ ಅವಳನ್ನು ಕರೆದುಕೊಂಡು ಹೋಗಿ, ಉಣಗೋಲಿನ ಹತ್ತಿರ ನಿಂತು, ತನ್ನ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, ಇವಳು ನಮ್ಮವಳು, ಒಳಗೆ ಬಿಟ್ಟುಕೊಳ್ಳಿ ಎಂದು ಹೇಳುತ್ತಾನೆ. ಒಂದು ಆಡು, ಒಂದು ಹರವಿ ಜೋಳದ ಹೆಂಡ, ನಾಲ್ಕು ಮುದುಕರು ಇದ್ದರೆ ಆಯಿತು. ಅವಳ ಜೊತೆಯಲ್ಲಿ ಮದುವೆಯಾಗಿ ಬಂದವರೆಲ್ಲ ಯಾವತ್ತೋ ಬಿಡುಗಡೆಯಾಗಿ, ತಮ್ಮ ತಮ್ಮ ದೊಡ್ಡಿಗಳಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಎತ್ತುಗಳನ್ನು ಬೈಯುತ್ತಿದ್ದರು. ನೊತೊಬಿಲೆಯ ಮಾವ ಅದನ್ನು ಮಾಡುವ ಮೊದಲೇ ತೀರಿಕೊಂಡ. ಸೊಲೊಂಜಿ ಯಜಮಾನನಾದ. ಪ್ರತಿ ಸುಗ್ಗಿಯಲ್ಲೂ ಅವಳು ನೆನಪಿಸುತ್ತಿದ್ದಳು. ಪ್ರತಿ ಸುಗ್ಗಿಯಲ್ಲೂ ಅವನು ಬರುವ ಸುಗ್ಗಿಗೆ ಎನ್ನುತ್ತಿದ್ದ. ಕೇಳಿದವರಿಗೆ ಹೇಳುತ್ತಿದ್ದದ್ದು ಹೀಗೆ:

"ಬೈಸ್ಕೊಳ್ದೆ ಕೂರೋಕೆ ಈ ಭೂಮಿ ಮೇಲೆ ನಂಗಿರೋದು ಅದೊಂದೇ ಜಾಗ ಕಣ್ರಪ್ಪ. ಅದನ್ನೂ ಬಿಟ್ಕೊಡ್ಲಾ?"

ಹೆಂಡದ ಗಡಿಗೆಯ ಸುತ್ತ ಕುಳಿತವರೆಲ್ಲ ನಗುತ್ತಿದ್ದರು. ಹಿಂದಿನ ದಾರಿಯಲ್ಲಿ ಹಾದುಹೋಗುತ್ತ ನೊತೊಬಿಲೆಯೂ ನಗುತ್ತಿದ್ದಳು. ಅವನು ಕೆಟ್ಟವನಲ್ಲ. ಒಂದು ದಿನವೂ ಕೈಯೆತ್ತಿದವನಲ್ಲ. ಮುಂದಕ್ಕೆ ಹಾಕುವುದು ಅವನ ಗುಣ, ಅಷ್ಟೇ. ಹೊದಿಕೆ ಸೋರಿದರೆ ಮಳೆ ನಿಲ್ಲಲಿ ಎನ್ನುವ, ಮಳೆ ನಿಂತರೆ ಈಗ ಸೋರುತ್ತಿಲ್ಲವಲ್ಲ ಎನ್ನುವ ಜನ ಇರುತ್ತಾರಲ್ಲ, ಹಾಗೆ.

ಹೀಗೆ ಆ ಸುಗ್ಗಿಯಲ್ಲಿ ಇಡೀ ಹಟ್ಟಿ ಅವಳ ಕೈಗೆ ಬಂತು, ದೊಡ್ಡಿಯೊಂದನ್ನು ಬಿಟ್ಟು. ಬೆಳಗ್ಗೆ ಗಂಡನನ್ನು ಮಗ್ಗುಲು ತಿರುಗಿಸಿ, ಒರೆಸಿ, ಗಂಜಿ ಕುಡಿಸಿ ಹೊಲಕ್ಕೆ ಹೋಗುವಳು. ಒಣಗಿದ ತೆನೆ ಮುರಿದು ಬೆನ್ನಿನ ಬುಟ್ಟಿಗೆ ಹಾಕುವಳು. ಕುಂಬಳಕಾಯಿಗಳನ್ನು ಒಂದೊಂದಾಗಿ ಹೊತ್ತು ತಂದು ಮಾಡಿನ ಮೇಲೆ ಇಟ್ಟು ಬಿಸಿಲಿಗೆ ಗಟ್ಟಿ ಮಾಡುವಳು. ಹುರುಳಿ ಬಡಿಯುವುದು, ಮುರಿದ ತೊಲೆಗೆ ಆಸರೆ ಕೊಡುವುದು, ಮಳೆಗೆ ಉದುರಿದ ಗೋಡೆಗೆ ಮಣ್ಣು ಸಗಣಿ ಕಲಸಿ ಮೆತ್ತುವುದು, ಎಲ್ಲ ಚಳಿಯ ಒಣಗಾಳಿ ಬೀಸುವ ಮುಂಚೆ ಮುಗಿಯಬೇಕು. ಗೋಡೆ ಮೆತ್ತಲು ಸಗಣಿ ದೊಡ್ಡಿಯಲ್ಲಿ ಮೊಣಕಾಲುದ್ದ ಬಿದ್ದಿತ್ತು. ಅವಳು ತಗಡಿನ ಬಕೆಟ್ಟು ಹಿಡಿದು ಗುಡ್ಡದ ಮೇಲೆ, ದನ ಮೇದ ಕಡೆಯೆಲ್ಲ ಅಲೆದು ಆಯ್ದು ತರುತ್ತಿದ್ದಳು.

ದೊಡ್ಡಿಯ ಕೆಲಸ ಡಾನಿಲೆ ನೋಡಿಕೊಂಡ. ಬೆಳಗ್ಗೆ ಬಂದು ಉಣಗೋಲು ಸರಿಸಿ ದನ ಬಿಡುತ್ತಿದ್ದ, ಸಂಜೆ ಕೂಡುತ್ತಿದ್ದ. ಎರಡು ಎತ್ತುಗಳನ್ನು ಮೇವಿನ ತಾಪತ್ರಯ ಬೇಡವೆಂದು ತನ್ನ ದೊಡ್ಡಿಗೇ ಹೊಡೆದುಕೊಂಡು ಹೋದ. ಉಳಿದದ್ದು ವಾಸಕಾಜಿ, ಹೊಟ್ಟೆಯಡಿ ಬಿಳಿಯಿದ್ದ ಕರೀ ಹಸು.

ವಾಸಕಾಜಿ ಟೊಲೊಗಳ ಹಸುವಲ್ಲ. ನೊತೊಬಿಲೆ ಮದುವೆಯಾಗಿ ಹೊರಟಾಗ ಅವಳಪ್ಪ ಅವಳ ಹಿಂದೆಯೇ ಒಂದು ಕರೀ ಕಡಸನ್ನು ಹೊಡೆಸಿದ್ದ. ಹಾಗೆ ತವರಿಂದ ಬಂದ ಹಸುವನ್ನು ಮಾರುವುದಿಲ್ಲ, ಕಡಿಯುವುದಿಲ್ಲ. ಹೆಣ್ಣಿಗೆ ಕಾಯಿಲೆಯಾದರೆ, ಬಸಿರು ನಿಲ್ಲದಿದ್ದರೆ, ಮನಸ್ಸು ಕೆಟ್ಟರೆ, ಅವಳು ಅದರ ಪಕ್ಕ ನಿಂತು ಅದರ ಬೆನ್ನ ಮೇಲೆ ಕೈಯಿಡುತ್ತಾಳೆ, ಅದರ ಹಾಲು ಕುಡಿಯುತ್ತಾಳೆ. ಅಪ್ಪನ ಮನೆಯವರು ಬಂದು ನಿಂತ ಹಾಗೆ. ಅದು ಮುದಿಯಾದರೆ ಅದರ ಹೆಣ್ಣುಗರು ಅದರ ಜಾಗಕ್ಕೆ ಬರುತ್ತದೆ. ವಾಸಕಾಜಿ ಆ ಮೊದಲಿನ ಕಡಸಿನ ಮೊಮ್ಮಗಳು. ಅವಳ ತಂಗಿಯೊಂದು ಸಿಡಿಲಿಗೆ ಸತ್ತಿತ್ತು; ವಾಸಕಾಜಿಗೆ ಹುಟ್ಟಿದ್ದೆಲ್ಲ ಹೋರಿಗರುಗಳು. ಹಲ್ಲು ಸವೆದ ಕಾಲಕ್ಕೆ, ಯಾರ ಹೋರಿಯೋ ಏನೋ, ಕಾಲವಲ್ಲದ ಕಾಲದಲ್ಲಿ ಗಬ್ಬವಾಗಿ ಈಗ ಸುಗ್ಗಿಯ ಕೊನೆಗೆ ತುಂಬಿ ನಿಂತಿದ್ದಳು. ಇದೊಂದು ಹೆಣ್ಣುಗರು ಆಗಲಿ ಎಂದು ನೊತೊಬಿಲೆ ತೆನೆ ಮುರಿಯುವಾಗಲೂ ಗೋಡೆ ಮೆತ್ತುವಾಗಲೂ ಅಂದುಕೊಳ್ಳುತ್ತಿದ್ದಳು. ಇದು ತಪ್ಪಿದರೆ ತವರಿಂದ ಬಂದದ್ದು ಎನ್ನಲು ಈ ಹಟ್ಟಿಯಲ್ಲಿ ಅವಳಿಗೆ ಏನೂ ಉಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಡನಿಗೆ ಕುಂಬಳದ ಹಿಟ್ಟು ತಿನ್ನಿಸುತ್ತ ಅವಳು ಮಾತೆತ್ತಿದಳು. ಈಗಲಾದರೂ ಆ ನಾಲ್ಕು ಮಾತು ಹೇಳಿಬಿಡಿ, ಕೈಗಾಡಿಯಲ್ಲಿ ಕೂರಿಸಿಕೊಂಡು ಬಾಗಿಲ ತನಕ ನಾನೇ ತಳ್ಳಿಕೊಂಡು ಹೋಗುತ್ತೇನೆ ಎಂದಳು. ಸೊಲೊಂಜಿ ಮುಖ ಬಾಗಿಲ ಕಡೆಗೆ ತಿರುಗಿಸಿದ.

"ಹಿರಿಯರ ಮುಂದೆ ಗೊಬ್ಬರದ ಗಾಡೀಲಿ ಹೋಗ್ಲಾ ಮಾಬೆಲೆ?" ಎಂದ. ಮಾಬೆಲೆ ಅಂದರೆ ಬೆಲೆ ಕುಲದ ಮಗಳು. ಗಂಡನ ಮನೆಯವರೆಲ್ಲ ಅವಳನ್ನು ತವರಿನ ಕುಲದ ಹೆಸರಿನಲ್ಲೇ ಕರೆಯುತ್ತಿದ್ದರು. "ಎದ್ದು ಓಡಾಡೋ ಹಂಗಾಗ್ಲಿ. ಆಡು ಕಡ್ದು ಮರ್ಯಾದೆಯಾಗಿ ಮಾಡೋಣ."

"ನೀವು ಎದ್ದು ಓಡಾಡ್ತಾ ಇದ್ದಾಗ ಮೂವತ್ತು ವರ್ಷ ಏನ್ಮಾಡಿದ್ರಿ ಟೊಲೊ?"

"ಕೂತಿದ್ದೆ," ಎಂದ. ಅವಳಿಗೆ ನಗು ಬಂತು, ಅವನಿಗೂ ಬಂತು, ಹಿಟ್ಟು ಗದ್ದದ ಮೇಲೆ ಇಳಿಯಿತು. ಒರೆಸಿದಳು. ಮಾತು ಅಲ್ಲಿಗೇ ನಿಂತಿತು.

ಹೊಳೆಯ ಕೆಳಗಿನ ಊರಿನಲ್ಲಿ ಒಬ್ಬ ದೊಡ್ಡ ಮನುಷ್ಯ ಸತ್ತಿದ್ದ. ಶನಿವಾರ ಮಣ್ಣು. ಇಡೀ ದಿಣ್ಣೆ ಹೊರಟಿತು, ಗಂಡಸರು ಕೋಟು ಹಾಕಿ, ಹೆಂಗಸರು ತಲೆಮೇಲೆ ಗಡಿಗೆ ಹೊತ್ತು. ಹೊರಡುವ ಮುಂಚೆ ಡಾನಿಲೆ ಬಂದು ವಾಸಕಾಜಿಯ ಬಾಲ ಎತ್ತಿ ನೋಡಿ, ಕೆಚ್ಚಲು ಹಿಸುಕಿ, ಇನ್ನೂ ಒಂದು ವಾರ ಇದೆ ಅಕ್ಕ, ಯೋಚನೆ ಮಾಡಬೇಡ ಎಂದ. ಈ ಸ್ಥಿತಿಯಲ್ಲಿ ಗುಡ್ಡ ಹತ್ತುವುದು ಬೇಡವೆಂದು ಒಳಗೇ ಒಂದು ಹೊರೆ ಜೋಳದ ಸಿಪ್ಪೆ ಹಾಕಿ, ಉಣಗೋಲು ಎಳೆದು ಹೋದ.

ಬಿಸಿಲೇರಿದ ಮೇಲೆ ನೊತೊಬಿಲೆ ಕೊನೆಯ ಮನೆಯ ಹಿಂಗೋಡೆ ಮೆತ್ತುತ್ತಿದ್ದಳು. ಮೊಣಕೈ ತನಕ ಮಣ್ಣು. ಹಸು ಒಮ್ಮೆ ನರಳಿದ್ದು ಕೇಳಿತು. ಮೇವು ಮುಗಿದಿರಬೇಕು ಎಂದುಕೊಂಡಳು. ಎರಡನೇ ಸಲ ನರಳಿದ ಬಗೆಗೆ ಅವಳ ಕೈ ಗೋಡೆಯ ಮೇಲೇ ನಿಂತಿತು. ಹೆತ್ತವಳಿಗೆ ಅದು ಗೊತ್ತಾಗುತ್ತದೆ. ಹಿಂದಿನ ದಾರಿಯಲ್ಲಿ ಓಡಿ, ದೊಡ್ಡಿಯ ಆಚೆ ಬದಿಯಿಂದ ಸುತ್ತಿ ಬಂದು ಗೋಡೆಯ ಮೇಲಿಂದ ಇಣುಕಿದಳು. ವಾಸಕಾಜಿ ಬೆನ್ನು ಬಿಲ್ಲು ಮಾಡಿ ನಿಂತಿದ್ದಳು. ಬಾಲದಡಿ ಒಂದು ಕಾಲು ಹೊರಗೆ ಬಂದಿತ್ತು. ಒಂದೇ ಕಾಲು. ಗೊರಸು ಮೇಲ್ಮುಖವಾಗಿತ್ತು.

ಹೊರಬರುವ ಕರು ಎರಡು ಮುಂಗಾಲುಗಳ ನಡುವೆ ಮೂತಿಯಿಟ್ಟು ಬರಬೇಕು. ಇದು ಹಿಂದುಮುಂದಾಗಿ ಬರುತ್ತಿತ್ತು, ಇನ್ನೊಂದು ಹಿಂಗಾಲು ಒಳಗೆ ಮಡಿಚಿಕೊಂಡಿತ್ತು. ತವರಿನಲ್ಲಿ ಅವಳು ಅಪ್ಪನ ಜೊತೆ ಇಂಥದ್ದನ್ನು ನೋಡಿದ್ದಳು, ಒಮ್ಮೆ ತನ್ನ ಸಣ್ಣ ಕೈ ಒಳಗಿಟ್ಟು ಕಾಲು ಬಿಡಿಸಿಯೂ ಇದ್ದಳು. ಅದು ಅಪ್ಪನ ದೊಡ್ಡಿ, ಅಲ್ಲಿ ಅವಳು ಮಗಳು.

ದಿಣ್ಣೆಯ ತುದಿಗೆ ಹೋಗಿ ಕೂಗಿದಳು. ಎದುರು ದಿಣ್ಣೆಯವರಿಗೆ ಕೇಳುವ ಹಾಗೆ ಕೂಗುವುದು ಅಲ್ಲಿ ಎಲ್ಲ ಹೆಂಗಸರಿಗೂ ಬರುತ್ತದೆ. ಆದರೆ ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತಿತ್ತು, ಅವಳ ದನಿಯನ್ನು ಅವಳ ಬಾಯಿಗೇ ತುರುಕಿತು. ಯಾವ ಹಟ್ಟಿಯಲ್ಲೂ ಹೊಗೆಯಿಲ್ಲ. ಡಾನಿಲೆಯ ಮನೆಯಲ್ಲಿ ಕಣ್ಣು ಕಾಣದ ಅವನ ತಾಯಿ ಒಬ್ಬಳೇ ಇದ್ದಳು. ಬಾಗಿಲಲ್ಲಿ ಕುಳಿತು, ಯಾರದು, ಯಾರದು ಎಂದು ಕೇಳುತ್ತಲೇ ಇದ್ದಳು.

ನೊತೊಬಿಲೆ ವಾಪಸು ಬಂದಾಗ ಸೊಲೊಂಜಿಗೆ ವಿಷಯ ಗೊತ್ತಾಗಿಹೋಗಿತ್ತು. ಬಾಗಿಲಿಂದ ಅವನಿಗೆ ಕಾಣುತ್ತಿತ್ತು. ಎಡಗೈ ಊರಿ ಚಾಪೆಯಿಂದ ಹೊಸ್ತಿಲಿಗೆ ಅರ್ಧ ದೂರ ತೆವಳಿದ್ದ.

"ಗಾಡಿ ತಾ," ಎಂದ.

ಗೊಬ್ಬರದ ಕೈಗಾಡಿಯಲ್ಲಿ ಹಳೇ ಕಂಬಳಿ ಹಾಸಿ, ಅವನನ್ನು ಕಂಕುಳಿಗೆ ಕೈಕೊಟ್ಟು ಎಳೆದು ಕೂರಿಸಿದಳು. ದೊಡ್ಡ ಮನೆಯ ಬಾಗಿಲಿಂದ ಉಣಗೋಲಿಗೆ ಅಂಗಳ ಹಾದರೆ ಒಂದು ಮಗು ಕಲ್ಲೆಸೆಯುವಷ್ಟು ದೂರ. ಅವಳು ಗಾಡಿಯನ್ನು ಹಿಂದಕ್ಕೆ ತಿರುಗಿಸಿದಳು. ಸೊಲೊಂಜಿ ಎಡಗೈಯಿಂದ ಅಂಗಳದ ಕಡೆ ತೋರಿಸಿದ, ಏನೋ ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಕಾಲು ಮಾತ್ರ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಿತ್ತು. ಹಿಂದಿನ ಆ ಕೊರಕಲಿನಲ್ಲಿ ಚಕ್ರ ಸಿಕ್ಕಿಕೊಂಡಿತು. ಅವನು ಒಂದು ಕಡೆಗೆ ವಾಲಿದ. ಅವಳು ಬೆನ್ನು ಕೊಟ್ಟು ಎತ್ತಿ, ತಳ್ಳಿ, ಮತ್ತೆ ಎತ್ತಿ ತಳ್ಳಿದಳು. ಅಷ್ಟರಲ್ಲಿ ಹಸು ಇನ್ನೂ ಎರಡು ಸಲ ಕೂಗಿತ್ತು.

ಅಂತೂ ಉಣಗೋಲಿನ ಮುಂದೆ ಗಾಡಿ ನಿಂತಿತು. ಪಕ್ಕದಲ್ಲೇ ಮುತ್ತಜ್ಜನ ಕಲ್ಲುರಾಶಿ. ನೊತೊಬಿಲೆ ತಲೆಗೆ ಸುತ್ತಿದ ಬಟ್ಟೆಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡು, ಕಣ್ಣು ಕೆಳಗೆ ಮಾಡಿ, ಗಾಡಿಯ ಹಿಂದೆ ಮಂಡಿಯೂರಿದಳು. ಸೊಲೊಂಜಿ ಎಡಗೈಯಲ್ಲಿ ಟೋಪಿ ತೆಗೆದ.

ಮೊದಲು ಅಪ್ಪನ ಹೆಸರು ಹೇಳಿದ, ತೊದಲುತ್ತ, ಆದರೂ ಹೇಳಿದ. ಆಮೇಲೆ ಅಜ್ಜನ ಹೆಸರು. ಅದಕ್ಕೆ ಹೊತ್ತು ಹಿಡಿಯಿತು, ಬಂತು. ಮೂರನೆಯದು ಈ ದೊಡ್ಡಿ ಕಟ್ಟಿದವನ ಹೆಸರು, ಬಾಗಿಲಲ್ಲೇ ಮಲಗಿದ್ದವನ ಹೆಸರು. ಅವನನ್ನು ಕರೆಯದೆ ಉಳಿದವರನ್ನು ಕರೆದರೆ ಯಜಮಾನನನ್ನು ಬಿಟ್ಟು ಆಳಿನ ಹತ್ತಿರ ಅಪ್ಪಣೆ ಕೇಳಿದ ಹಾಗೆ. ಸೊಲೊಂಜಿ ಬಾಯಿ ತೆರೆದ. ಏನೂ ಬರಲಿಲ್ಲ. ತುಟಿ ಮುಚ್ಚಿ ಮತ್ತೆ ತೆರೆದ. ಒಂದು ಹೆಸರು ಬಂತು. ಅದು ಅವನು ಹುಡುಗನಾಗಿದ್ದಾಗ ಸಾಕಿದ್ದ ನಾಯಿಯದು. ಅವನಿಗೇ ಅದು ಗೊತ್ತಾಯಿತು. ತಲೆ ಅಲ್ಲಾಡಿಸಿದ. ಇನ್ನೊಂದು ಬಂತು, ಅದು ಅಂಗಡಿಯವನ ಹೆಸರು.

ನೊತೊಬಿಲೆಗೆ ಆ ಹೆಸರು ಗೊತ್ತಿತ್ತು. ಅವಳಿಗೆ ಗೊತ್ತಿದ್ದಷ್ಟು ಆ ದಿಣ್ಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೊಸೆಯಾಗಿ ಬಂದ ದಿನ ಅತ್ತೆ ಅವಳನ್ನು ಒಲೆಯ ಪಕ್ಕ ಕೂರಿಸಿ, ಈ ಮನೆಯ ಗಂಡು ಹಿರಿಯರ ಹೆಸರನ್ನೆಲ್ಲ ಒಂದೇ ಒಂದು ಸಲ ಕಿವಿಯಲ್ಲಿ ಹೇಳಿದ್ದಳು, ಇವು ನಿನ್ನ ಬಾಯಲ್ಲಿ ಬರಬಾರದು ಎಂದು. ಹೆಸರಷ್ಟೇ ಅಲ್ಲ, ಹೆಸರಿನ ಹಾಗೆ ಕೇಳುವ ಮಾತೂ ಬರಬಾರದು. ಅವರ ಭಾಷೆಯಲ್ಲಿ ಹಿಡಿ ಎನ್ನುವುದಕ್ಕಿರುವ ಮಾತು ಆ ಹೆಸರಿಗೆ ಹತ್ತಿರವೆಂದು, ಮಕ್ಕಳು ಬೀಳುತ್ತಿದ್ದರೂ ಅವಳು ಬೇರೆ ಮಾತನ್ನೇ ಹುಡುಕಿ ಕೂಗಿದವಳು. ಮೂವತ್ತು ವರ್ಷ ಹಗಲೂ ಇರುಳೂ ಆ ಹೆಸರನ್ನು ಕಾದು ಕಾದು ಬಾಯಿಂದ ಹೊರಗಿಟ್ಟವಳು.

"ಬೂದಿ ಕುದುರೆಯವರು," ಎಂದಳು, ತಲೆಯೆತ್ತದೆ. "ಈ ಕಲ್ಲಿನ ಕೆಳಗಿರೋರು. ನಿಮ್ಮಜ್ಜನ ತಂದೆ."

"ಗೊತ್ತು. ಕುದುರೆ ಗೊತ್ತು," ಎಂದ ಸೊಲೊಂಜಿ. ಅವನ ಬಲಗಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು. "ಹೆಸ್ರು. ಹೆಸ್ರು ಹೇಳು ಮಾಬೆಲೆ. ನಿಂಗೊತ್ತು."

"ನಾನು ಹೆಂಗೆ ಹೇಳ್ಲಿ? ನನ್ನ ಬಾಯಲ್ಲಿ ಬಂದ್ರೆ ಅದು ಕರ್ದಂಗಲ್ಲ, ಬೈದಂಗೆ."

"ಹೇಳು."

ಅವಳು ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು, ಅದರಲ್ಲಿ ಸುಳ್ಳಿಲ್ಲ. ನಾಲಗೆ ಮೇಲೇಳಲಿಲ್ಲ. ಗಂಡನ ಬಲಗೈ ಹೇಗೆ ಅವನ ಮಾತು ಕೇಳುತ್ತಿರಲಿಲ್ಲವೋ ಹಾಗೆಯೇ ಅವಳ ನಾಲಗೆ ಅವಳ ಮಾತು ಕೇಳಲಿಲ್ಲ. ಉಣಗೋಲಿನ ಸಂದಿನಿಂದ ವಾಸಕಾಜಿ ಅವರಿಬ್ಬರನ್ನೂ ನೋಡುತ್ತಿದ್ದಳು. ನೋಡನೋಡುತ್ತ ಮುಂಗಾಲು ಮಡಿಚಿ, ಒಂದು ನಿಟ್ಟುಸಿರಿನ ಜೊತೆ ಮಗ್ಗುಲಿಗೆ ಬಿದ್ದಳು. ಹೊರಗಿದ್ದ ಆ ಕಾಲು ಒಮ್ಮೆ ಒದ್ದುಕೊಂಡಿತು. ಕರುವಿಗೆ ಇನ್ನೂ ಜೀವವಿತ್ತು.

"ಹೋಗು," ಎಂದ ಸೊಲೊಂಜಿ. "ಹೆಸ್ರು ಹಾಳಾಗ್ಲಿ. ಹೋಗು."

ಅವಳು ಎದ್ದಳು. ಮೇಲಿನ ಉಣಗೋಲನ್ನು ಸರಿಸಿದಳು. ಎರಡನೆಯದನ್ನೂ ಸರಿಸಿದಳು. ಮೂರನೆಯದರ ಮೇಲೆ ಕೈಯಿಟ್ಟು ನಿಂತಳು. ಕಾಲು ಎತ್ತಿದರೆ ಒಳಗೆ. ಹೆತ್ತ ಮಕ್ಕಳನ್ನು ನೆನೆದಳು, ಅವರ ಹೊಟ್ಟೆಯಲ್ಲಿದ್ದ ಮಕ್ಕಳನ್ನು ನೆನೆದಳು, ಕರೆಯದವರ ಮನೆಗೆ ನುಗ್ಗಿದವಳ ಪಾಪ ಯಾರ ತಲೆಗೆ ಬರುತ್ತದೋ ಎಂದು ನೆನೆದಳು. ಗಾಡಿಯಲ್ಲಿದ್ದ ಗಂಡನನ್ನು ತಿರುಗಿ ನೋಡಿದಳು. ಅವನು ಇನ್ನೂ ಕಲ್ಲುರಾಶಿಯ ಕಡೆಗೆ ಬಾಯಿ ಆಡಿಸುತ್ತಿದ್ದ, ಒಂದೊಂದೇ ಹೆಸರು ಹಿಡಿದು, ಎತ್ತುಗಳ ಹೆಸರು, ನದಿಗಳ ಹೆಸರು, ವಯಸ್ಸಿನಲ್ಲಿ ಗಣಿ ಕೆಲಸಕ್ಕೆ ಹೋಗಿದ್ದಾಗ ಜೊತೆಗಿದ್ದವರ ಹೆಸರು. ಅವನನ್ನು ಹಾಗೆ ನೋಡಿ ಅವಳಿಗೆ ಯಾವ ಕಡೆಗೂ ಹೆಜ್ಜೆ ಬರಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಸೊಲೊಂಜಿಯ ಅಕ್ಕ ವೆಲಿಸ್ವಾ ಹೂಳುವುದು ಮುಗಿದ ಕೂಡಲೇ ಊಟಕ್ಕೂ ನಿಲ್ಲದೆ, ತಮ್ಮನನ್ನು ನೋಡಿಕೊಂಡು ಹೋಗೋಣವೆಂದು ಈ ಕಡೆ ಬಂದಿದ್ದಳು. ಕೆಳಗಿನ ದಾರಿಯಿಂದಲೇ ಕಂಡಿರಬೇಕು. ಕರೀ ಲಂಗವನ್ನು ಎತ್ತಿ ಕಟ್ಟಿ, ಅಂಗಳದ ನಡುವೆ ಓಡಿಬಂದು, ನೊತೊಬಿಲೆಯನ್ನು ಭುಜದಿಂದ ತಳ್ಳಿ, ಉಣಗೋಲು ಹಾರಿ ಒಳಗೆ ಹೋದಳು. ಆ ಮನೆಯಲ್ಲಿ ಹುಟ್ಟಿದವಳು, ಕೇಳುವವರು ಯಾರು. ಆದರೆ ಕರು ಎಳೆಯುವ ಕೈ ಅವಳದಲ್ಲ. ಹೊರಗಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

"ಎಳೀಬೇಡಿ ಅತ್ತಿಗೆ," ಎಂದು ನೊತೊಬಿಲೆ ಈಚೆಯಿಂದ ಹೇಳಿದಳು. "ಒಳಗೆ ಒಂದು ಕಾಲು ಮಡ್ಚಿದೆ. ಕೈ ಹಾಕಿ, ಗೊರಸು ಅಂಗೈಯಲ್ಲಿ ಮುಚ್ಕೊಂಡು ತಿರುಗ್ಸಿ. ಮೊದ್ಲು ಒಳಕ್ಕೆ ನೂಕಿ, ಆಮೇಲೆ."

"ಯಾವ ಗೊರಸು? ಏನೂ ಸಿಕ್ತಿಲ್ಲ."

"ಇನ್ನೂ ಒಳಗೆ. ಎಡಕ್ಕೆ. ಎಡಕ್ಕೆ ಅತ್ತಿಗೆ."

ವೆಲಿಸ್ವಾಳ ಕೈ ದಪ್ಪ, ಬೆರಳಿಗೆ ಗಂಟುನೋವು. ನೊತೊಬಿಲೆ ಈಚೆ ನಿಂತು ಗಾಳಿಯಲ್ಲಿ ತನ್ನ ಕೈ ತಿರುಗಿಸಿ ತೋರಿಸುತ್ತಿದ್ದಳು. ಗೋಡೆ ಮೆತ್ತಿದ ಮಣ್ಣು ಒಣಗಿ ಅವಳ ಬೆರಳುಗಳಿಂದ ಪುಡಿಯಾಗಿ ಉದುರುತ್ತಿತ್ತು. ಕೊನೆಗೆ ಗೊರಸು ಸಿಕ್ಕಿತು, ಕಾಲು ತಿರುಗಿತು, ಕರು ಒಂದೇ ಸಲಕ್ಕೆ ಜಾರಿ ಬಂತು. ಹೆಣ್ಣುಗರು, ಕರೀದು, ತಾಯಿಯ ಹಾಗೇ ಹೊಟ್ಟೆಯಡಿ ಬಿಳಿ. ನೊತೊಬಿಲೆ ಈಚೆಯಿಂದ ಹೇಳಿದ ಹಾಗೆ ವೆಲಿಸ್ವಾ ಮೂಗಿನ ಲೋಳೆ ಒರೆಸಿ ಊದಿದಳು, ಹುಲ್ಲುಕಡ್ಡಿ ತೂರಿಸಿದಳು, ಹಿಂಗಾಲು ಹಿಡಿದು ತೂಗಿದಳು. ಅದು ಉಸಿರಾಡಲಿಲ್ಲ.

ವೆಲಿಸ್ವಾ ಕೈಯೊರೆಸಿಕೊಳ್ಳುತ್ತ ಉಣಗೋಲಿನ ಹತ್ತಿರ ಬಂದಳು. ಹೊಸದಾಗಿ ಬಂದ ಸೊಸೆ ಅಂಗಳದ ಮೂಲೆಯೊಂದನ್ನು ತುಳಿದಳೆಂದು ಮೂವತ್ತು ವರ್ಷದ ಹಿಂದೆ ಇಡೀ ಹಟ್ಟಿ ಕೇಳುವ ಹಾಗೆ ಕೂಗಾಡಿದ್ದವಳು ಇದೇ ವೆಲಿಸ್ವಾ.

"ಯಾಕೆ ನಿಂತಿದ್ದೆ?" ಎಂದು ಕೇಳಿದಳು. "ಹಸು ಸಾಯ್ತಾ ಬಿದ್ದಿದ್ರೆ ಕೈಕಟ್ಕೊಂಡು ನಿಂತು ನೋಡ್ತಾರಾ ಯಾರಾದ್ರೂ? ಇದು ಯಾರ ಹಸು, ನಂದಾ?"

ಸೊಲೊಂಜಿ ಅಕ್ಕನಿಗೆ ಏನೋ ಹೇಳಲು ಹೋದ. ಬಂದ ಮಾತು, ಕೋಳಿ.

ವಾಸಕಾಜಿ ಏಳಲಿಲ್ಲ. ಸಂಜೆ ಊರಿನ ಗಂಡಸರು ಬಂದು ಹೊಟ್ಟೆಯಡಿ ಗೋಣಿ ಹಾಕಿ ಎತ್ತಿ ನಿಲ್ಲಿಸಿದರು. ಬಿಟ್ಟ ಕೂಡಲೇ ಕುಸಿದಳು. ಡಾನಿಲೆ ಯಾರ ಮುಖವನ್ನೂ ನೋಡಲಿಲ್ಲ, ವಾರ ಇದೆ ಅಂದಿದ್ದೆ ಎಂದು ತನ್ನಷ್ಟಕ್ಕೇ ಎರಡು ಮೂರು ಸಲ ಅಂದ. ಮಾರನೇ ದಿನ, ಅದರ ಮಾರನೇ ದಿನ ನೊತೊಬಿಲೆ ಗಂಜಿ ಕಾಸಿ ಡಾನಿಲೆಯ ಕೈಗೆ ಕೊಟ್ಟು ಈಚೆ ನಿಲ್ಲುತ್ತಿದ್ದಳು. ಅವನು ಕುಡಿಸಿದರೆ ಅದು ಬಾಯಂಚಿನಿಂದ ಇಳಿಯುತ್ತಿತ್ತು. ಅವಳು ಹಸುವಿನ ತಾಯಿಯ ಹೆಸರು, ಅಜ್ಜಿಯ ಹೆಸರು ಹೇಳಿ ಕರೆಯುತ್ತಿದ್ದಳು. ಆ ಹೆಸರುಗಳು ಅವಳ ತವರಿನವು, ನಾಲಗೆಗೆ ಸರಾಗವಾಗಿ ಬರುತ್ತಿದ್ದವು. ಹಸು ಕಿವಿ ಮಾತ್ರ ಆಡಿಸುತ್ತಿತ್ತು. ಆಮೇಲೆ ಅದೂ ನಿಂತಿತು. ತವರಿಂದ ಬಂದ ಹಸುವಿನ ಮಾಂಸ ಯಾರೂ ತಿನ್ನುವುದಿಲ್ಲ. ಎಲ್ಲರೂ ಸೇರಿ ಹೊಲದಂಚಿನಲ್ಲಿ ಗುಂಡಿ ತೋಡಿ ತಾಯಿಮಗಳನ್ನು ಒಟ್ಟಿಗೆ ಮುಚ್ಚಿದರು.

ಊರಲ್ಲಿ ಮಾತು ಎರಡಾಯಿತು. ಮಣ್ಣಿಗೆ ಹೋದವಳು ಕೈ ತೊಳೆಯದೆ ದನ ಮುಟ್ಟಿದ್ದಕ್ಕೇ ಕರು ಸತ್ತಿತು ಎಂದು ಕೆಲವರು ವೆಲಿಸ್ವಾಳ ಮೇಲೆ ಹಾಕಿದರು. ಯಜಮಾನ ಹೋಗು ಎಂದ ಮೇಲೆ ಹೋಗಬೇಕಿತ್ತು ಎಂದು ಇನ್ನು ಕೆಲವರು. ಹೋಗಿದ್ದರೆ ಅವರೇ ಏನು ಅನ್ನುತ್ತಿದ್ದರು ಎನ್ನುವುದು ನೊತೊಬಿಲೆಗೆ ಗೊತ್ತಿತ್ತು. ಅವಳು ಉಳಿದ ಗೋಡೆ ಮೆತ್ತಿದಳು. ಬೀಜದ ತೆನೆಗಳನ್ನು ಹೊಗೆಯ ಮೇಲೆ ಕಟ್ಟಿದಳು. ಬೆಳಗ್ಗೆ ಹುಲ್ಲಿನ ಮೇಲೆ ಬಿಳೀ ಮಂಜು ಕೂರತೊಡಗಿತು.

ಅಂಥ ಒಂದು ಮಧ್ಯಾಹ್ನ ಅವಳು ಗಂಡನಿಗೆ ಹುರುಳಿ ಜೋಳ ಬೇಯಿಸಿದ್ದನ್ನು ಹಿಸುಕಿ ತಿನ್ನಿಸುತ್ತಿದ್ದಳು. ಅವನು ಅಗಿಯುವುದನ್ನು ನಿಲ್ಲಿಸಿದ.

"ಬಂಬಾನಿ," ಎಂದ. ಸ್ಪಷ್ಟವಾಗಿ, ಕಾಯಿಲೆಗೆ ಮುಂಚಿನ ದನಿಯಲ್ಲಿ.

ನೊತೊಬಿಲೆ ತಲೆ ತಗ್ಗಿಸಿದಳು. ಆ ಹೆಸರು ಕೇಳಿದಾಗ ತಗ್ಗಿಸಬೇಕು. ಕೈಯ ತಟ್ಟೆಯೂ ಅದರ ಜೊತೆ ತಗ್ಗಿತು.

"ಬಂಬಾನಿ, ಮಾಬೆಲೆ. ಬಂಬಾನಿ. ಬೂದಿ ಕುದುರೆ," ಎಂದು ಅವನು ಮಗುವಿನ ಹಾಗೆ ಅರ್ಧ ಬಾಯಿಯಲ್ಲಿ ನಗುತ್ತಿದ್ದ. "ಗಾಡಿ ತಾ. ಹೋಗೋಣ. ಮತ್ತೆ ಹೊರಟುಹೋಗುತ್ತೆ."

ಯಾತಕ್ಕೆ ಎಂದು ಅವಳು ಕೇಳಬಹುದಿತ್ತು. ಬಾಯಿ ಒರೆಸಿ, ಕಂಬಳಿ ಹಾಸಿ, ಕೂರಿಸಿ, ಹಿಂದಿನಿಂದ ಸುತ್ತಿಕೊಂಡು ತಳ್ಳಿದಳು. ದಾರಿಯುದ್ದಕ್ಕೂ ಅವನು ಆ ಹೆಸರನ್ನು ಬಾಯಲ್ಲಿ ಹೊರಳಿಸುತ್ತಲೇ ಬಂದ, ಬಿದ್ದುಹೋಗಬಾರದೆಂದು. ಉಣಗೋಲಿನ ಹತ್ತಿರ ಟೋಪಿ ತೆಗೆದು ಅಪ್ಪನನ್ನು ಕರೆದ, ಅಜ್ಜನನ್ನು ಕರೆದ, ಬಂಬಾನಿಯನ್ನು ಕರೆದ. ಇವಳು ನಮ್ಮವಳು ಎಂದ. ಬಿಟ್ಟುಕೊಳ್ಳಿ ಎಂದ. ಆಡಿಲ್ಲ, ಹೆಂಡವಿಲ್ಲ, ಕೇಳಲು ಮುದುಕರಿಲ್ಲ. ಅಷ್ಟು ಹೇಳಿ ಮುಗಿಸುವುದರಲ್ಲಿ ಅವನ ಕುತ್ತಿಗೆಯೆಲ್ಲ ಬೆವರಿತು.

ನೊತೊಬಿಲೆ ಉಣಗೋಲು ಸರಿಸಿ ಒಳಗೆ ಹೋದಳು. ದೊಡ್ಡಿ ಬರಿದಾಗಿತ್ತು. ಒಣಗಿದ ಸಗಣಿಯ ಮೇಲೆ ಅವಳ ಹೆಜ್ಜೆ ಸದ್ದಾಗಲಿಲ್ಲ. ನಡುವಿಗೆ ಹೋಗಿ ನಿಂತಳು, ಅಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಕೈಗಳನ್ನು ಮೇಲಂಗಿಯ ಅಂಚಿನಲ್ಲಿ ಸುತ್ತಿಕೊಂಡಳು. ವಾಸಕಾಜಿ ಬಿದ್ದಿದ್ದ ಕಡೆ ನೆಲ ಒಂದಿಷ್ಟು ತಗ್ಗಾಗಿತ್ತು.

"ಹೆಂಗಿದೆ?" ಎಂದು ಸೊಲೊಂಜಿ ಗಾಡಿಯಿಂದ ಕೇಳಿದ.

ಅವಳು ಸುತ್ತ ನೋಡಿದಳು. "ಕೆಳಗಡೆ ಗೋಡೆ ಒಳಕ್ಕೆ ಉಬ್ಬಿದೆ," ಎಂದಳು. "ಹೊರಗಿನಿಂದ ಕಾಣ್ತಾ ಇರ್ಲಿಲ್ಲ. ಮಳೆಗೆ ಮುಂಚೆ ಕಲ್ಲು ತೆಗ್ದು ಮತ್ತೆ ಕಟ್ಬೇಕು."

"ಡಾನಿಲೆಗೆ ಹೇಳು."

"ಡಾನಿಲೆಗೆ ಯಾಕೆ ಇನ್ನು," ಎಂದಳು ನೊತೊಬಿಲೆ. ಬಗ್ಗಿ ಒಂದು ಕಲ್ಲನ್ನು ಅಲುಗಿಸಿ ನೋಡಿದಳು. ಅದು ಸುಲಭವಾಗಿ ಕೈಗೆ ಬಂತು. ಅದನ್ನು ಎತ್ತಿ ಹಿಡಿದುಕೊಂಡೇ, ಎಲ್ಲಿಡುವುದೆಂದು ಗೊತ್ತಾಗದೆ, ಹಾಗೇ ನಿಂತಿದ್ದಳು.